ಒಟಾನಿಯ ಹಾಗೆ ಎಸೆಯುವ ಆಸೆ, 12ರ ಹುಡುಗನ ಮೊಣಕೈ ನೋವು

ಓದುಗರ ಪ್ರಶ್ನೆ: "ನಮ್ಮೂರು ಮೈಸೂರು. ಈಗ ಇರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮಗನಿಗೆ 12 ವರ್ಷ. ಬೇಸ್‌ಬಾಲ್ ಅಂದರೆ ಪ್ರಾಣ. ಬಲಗೈಯಲ್ಲಿ ಪಿಚಿಂಗ್ (ಬ್ಯಾಟರ್‌ಗೆ ಚೆಂಡು ಎಸೆಯೋದು) ಮಾಡ್ತಾನೆ, ಬ್ಯಾಟಿಂಗೂ ಚೆನ್ನಾಗಿದೆ. ಮಕ್ಕಳ ಲಿಟಲ್ ಲೀಗ್ ಜೊತೆಗೆ, ಊರೂರಿಗೆ ಹೋಗಿ ಆಡುವ ಒಂದು ಟ್ರಾವೆಲ್ ತಂಡದಲ್ಲೂ ಇದ್ದಾನೆ, ಅಲ್ಲಿ ವರ್ಷಪೂರ್ತಿ ಆಟ. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಜಪಾನಿನ ಆಟಗಾರ ಶೊಹೇ ಒಟಾನಿ ಅವನ ಹೀರೋ. ಒಟಾನಿ ಶಾಲೆಯಲ್ಲಿದ್ದಾಗ ಬರೆದ ಹಾಗೇ 81 ಚೌಕಗಳ ಗುರಿಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾನೆ. ಅದರ ತುಂಬಾ ಬರೀ ವೇಗದ ಮಾತು. ಎರಡು ತಿಂಗಳಿಂದ, ಪಿಚಿಂಗ್ ಮಾಡಿದ ದಿನ ರಾತ್ರಿ ಮೊಣಕೈಯ ಒಳಭಾಗ ನೋಯುತ್ತೆ ಅಂತಾನೆ. ಎರಡು ದಿನಕ್ಕೆ ಸರಿಹೋಗುತ್ತೆ. ನಮ್ಮ ಮನೆಯವರು 'ಐಸ್ ಇಟ್ಟು ಮಾತ್ರೆ ಕೊಡು, ನಾನು ದಿನಾ ಸಂಜೆ ಫಾಸ್ಟ್ ಬೌಲಿಂಗ್ ಮಾಡ್ತಿದ್ದೆ, ಏನಾಯ್ತು?' ಅಂತಾರೆ. ಟ್ರಾವೆಲ್ ತಂಡದ ಕೋಚ್ 'ಒಟಾನಿ ಹೈಸ್ಕೂಲಲ್ಲೇ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎಸೆದವನು, ಬ್ಯಾಟಿಂಗ್ ಬಿಟ್ಟು ಈಗಲೇ ಪಿಚಿಂಗ್ ಹಿಡಿಯಲಿ' ಅಂತ ಹೇಳಿ, ಭಾರದ ಚೆಂಡಿನ ತರಬೇತಿಗೆ ಸೇರಿಸಲು ಒತ್ತಾಯ ಮಾಡ್ತಿದ್ದಾರೆ. ಇನ್ನೊಬ್ಬ ಹುಡುಗನ ಅಪ್ಪ 'ಮೊಣಕೈಗೆ ಮಾಡುವ ಟಾಮಿ ಜಾನ್ ಆಪರೇಷನ್ ಆದರೆ ಕೈ ಇನ್ನೂ ಗಟ್ಟಿಯಾಗುತ್ತೆ, ಒಟಾನಿಗೂ ಆಗಿದೆಯಲ್ಲ' ಅಂದರು. ಇದೆಲ್ಲ ನಿಜಾನಾ? ಮಗನ ಆಸೆ ಮುರಿಯೋಕೂ ಮನಸ್ಸಿಲ್ಲ, ಕೈ ಹಾಳಾಗೋದನ್ನ ನೋಡ್ತಾ ಕೂರೋಕೂ ಆಗಲ್ಲ."

ಉತ್ತರ: ಮೊದಲು ಒಂದು ಮಾತು. ಮುಂದಿನದನ್ನೆಲ್ಲ ನಿಧಾನವಾಗಿ ಓದಿದರೂ ಪರವಾಗಿಲ್ಲ, ಇದನ್ನು ಮಾತ್ರ ಇವತ್ತೇ ಮಾಡಿ. ಡಾಕ್ಟರು ಮೊಣಕೈ ನೋಡುವವರೆಗೆ ಮಗ ಚೆಂಡು ಎಸೆಯುವುದು ಬೇಡ. ಪಿಚಿಂಗ್ ಒಂದೇ ಅಲ್ಲ, ಮೈದಾನದ ಯಾವ ಜಾಗದಿಂದಲೂ ಬೇಡ. ಬೆಳೆಯುವ ಮಕ್ಕಳಲ್ಲಿ, ಎಸೆಯುವ ಕೈಯ ಮೊಣಕೈ ಒಳಭಾಗದಲ್ಲಿ ಮತ್ತೆ ಮತ್ತೆ ನೋವು ಬಂದರೆ ಅದನ್ನು ಸುಸ್ತು ಅಂತ ಬಿಡುವ ಹಾಗಿಲ್ಲ. ಎರಡು ದಿನಕ್ಕೆ ಹೋಗುತ್ತೆ ಅನ್ನುವುದು ಸಮಾಧಾನದ ವಿಷಯವೂ ಅಲ್ಲ. ಎಸೆದಾಗ ಬರುತ್ತೆ, ಬಿಟ್ಟಾಗ ಹೋಗುತ್ತೆ, ಮತ್ತೆ ಎಸೆದರೆ ಮತ್ತೆ ಬರುತ್ತೆ. ಎರಡು ತಿಂಗಳಿಂದ ಹೀಗೇ ನಡೆದಿದೆ ಅಂದರೆ ಎಸೆತವೇ ಅದಕ್ಕೆ ಕಾರಣ ಅಂತ ತಾನೇ ಅರ್ಥ?

ನಿಮ್ಮ ಪತ್ರದಲ್ಲಿ ಮೂವರು ದೊಡ್ಡವರು ಒಟಾನಿಯ ಹೆಸರಲ್ಲೋ ತಮ್ಮ ಅನುಭವದ ಹೆಸರಲ್ಲೋ ಮೂರು ಮಾತು ಹೇಳಿದ್ದಾರೆ. ಎಸೆಯುವ ಮಕ್ಕಳ ಭುಜ, ಮೊಣಕೈಗಳನ್ನು ನೋಡುವುದೇ ನನ್ನ ಕೆಲಸ. ಆ ಮಕ್ಕಳ ಬಾಯಲ್ಲಿ ಒಟಾನಿಯ ಹೆಸರು ಬರದ ವಾರ ಇಲ್ಲ. ಹಾಗಾಗಿ ಅವರ ಮೊದಲ ವರ್ಷಗಳಲ್ಲಿ ನಿಜಕ್ಕೂ ಏನು ನಡೆಯಿತು ಅನ್ನುವುದರಿಂದಲೇ ಶುರು ಮಾಡುತ್ತೇನೆ. ಕೋಚ್ ಹೇಳಿದ 160ರ ಮಾತು ಸುಳ್ಳಲ್ಲ. ಆದರೆ ಆ ಕತೆಯ ಅರ್ಧ ಮಾತ್ರ ನಿಮಗೆ ತಲುಪಿದೆ.

ಒಟಾನಿ ಹುಟ್ಟಿದ್ದು 1994ರ ಜುಲೈ 5ರಂದು, ಉತ್ತರ ಜಪಾನಿನ ಇವಾಟೆ ಪ್ರಾಂತ್ಯದಲ್ಲಿ. ಅಪ್ಪ ಕಂಪನಿ ತಂಡದಲ್ಲಿ ಬೇಸ್‌ಬಾಲ್ ಆಡಿದವರು, ಅಮ್ಮ ಬ್ಯಾಡ್ಮಿಂಟನ್ ಆಟಗಾರ್ತಿ. ಹುಡುಗ ಈಜು ಕಲಿತ, ಪ್ರಾಥಮಿಕ ಶಾಲೆಯಲ್ಲಿ ಬೇಸ್‌ಬಾಲ್ ಹಿಡಿದ. ಅಪ್ಪನೇ ಕೋಚ್. ಅಪ್ಪ ಮಗ ಇಬ್ಬರೂ ಸೇರಿ ಒಂದು ನೋಟ್‌ಬುಕ್ ಬರೆಯುತ್ತಿದ್ದರು. ಇವತ್ತು ಏನು ಸರಿಹೋಯಿತು, ಏನು ತಪ್ಪಿತು, ನಾಳೆ ಏನು ನೋಡಿಕೊಳ್ಳಬೇಕು ಅಂತ. ಏಳನೇ ತರಗತಿಯಲ್ಲಿ ಒಂದು ಪ್ರಾದೇಶಿಕ ಪಂದ್ಯದ ಆರು ಇನ್ನಿಂಗ್ಸ್‌ನಲ್ಲಿ (ಒಂದಕ್ಕೆ ಮೂರು ಔಟ್), 18 ಔಟ್‌ಗಳ ಪೈಕಿ 17ನ್ನು ಸ್ಟ್ರೈಕ್‌ಔಟ್, ಅಂದರೆ ಬರೀ ತನ್ನ ಎಸೆತದಿಂದಲೇ ಔಟ್, ಮಾಡಿದ್ದ. ಅಂದರೆ ನಿಮ್ಮ ಮಗನ ವಯಸ್ಸಿನಲ್ಲೇ ಅಸಾಧಾರಣ ಪಿಚರ್.

ಈಗ ಗಮನಿಸಿ. ಇಂಥ ಹುಡುಗ ಹನಮಾಕಿ ಹಿಗಾಶಿ ಹೈಸ್ಕೂಲಿಗೆ ಬಂದಾಗ ಅಲ್ಲಿನ ಕೋಚ್ ಹಿರೋಶಿ ಸಸಾಕಿ ಏನು ಮಾಡಿದರು? ಪಿಚಿಂಗ್ ದಿಬ್ಬಕ್ಕೆ ಹತ್ತಿಸಲಿಲ್ಲ. ಹುಡುಗ ತೀರಾ ಎತ್ತರ, ತೆಳ್ಳಗೆ, ಮೂಳೆ ಇನ್ನೂ ಬೆಳೆಯುತ್ತಿದೆ ಅಂತ ಮೊದಲ ಬೇಸಿಗೆಯಲ್ಲಿ ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸಿದರು. ಪಿಚಿಂಗ್ ಆಮೇಲೆ ಅಂದರು. ಕೈಯಲ್ಲಿ ಅಂಥ ಹುಡುಗ ಇರುವಾಗ ತಡೆದು ನಿಲ್ಲಿಸುವುದು ಸಣ್ಣ ಮಾತಲ್ಲ. ಜಪಾನಿನಲ್ಲಿ ಹೈಸ್ಕೂಲ್ ಬೇಸ್‌ಬಾಲ್, ಅದರಲ್ಲೂ ಕೊಶಿಯೆನ್ ಮೈದಾನದ ಟೂರ್ನಿ, ಇಡೀ ದೇಶ ಟೀವಿ ಮುಂದೆ ಕೂತು ನೋಡುವ ಆಟ. ಅಲ್ಲಿ ಎಳೆಯ ಪಿಚರ್‌ಗಳನ್ನು ಎಷ್ಟು ದುಡಿಸಿದ್ದಾರೆ ಅನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. 1998ರಲ್ಲಿ ಡೈಸುಕೆ ಮತ್ಸುಜಾಕಾ 17 ಇನ್ನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಚೆಂಡು ಎಸೆದರು. 2013ರ ವಸಂತದ ಟೂರ್ನಿಯಲ್ಲಿ ತೊಮೊಹಿರೊ ಅನ್ರಾಕು ಎಂಬ ಹುಡುಗ 772 ಚೆಂಡು ಎಸೆದ. ವಾರಕ್ಕೆ 500 ಎಸೆತ ಎಂಬ ಮಿತಿ ಅಲ್ಲಿ ಬಂದಿದ್ದು 2020ರಲ್ಲಿ. ಅಂಥ ವಾತಾವರಣದಲ್ಲಿ ಸಸಾಕಿ ಕಾಯಲು ಒಪ್ಪಿದರು. ಒಟಾನಿಯ ಆರಂಭದ ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಅಷ್ಟಾದರೂ ಗಾಯ ತಪ್ಪಲಿಲ್ಲ. ಎರಡನೇ ವರ್ಷ, 2011ರಲ್ಲಿ, ಸೊಂಟದ ಎಡಭಾಗದ ಕೀಲಿನ ಬಳಿ ಮೂಳೆ ಬೆಳೆಯುವ ಜಾಗಕ್ಕೇ ಪೆಟ್ಟಾಯಿತು. ಬಹಳ ಕಾಲ ಸರಿಯಾಗಿ ಪಿಚಿಂಗ್ ಮಾಡಲು ಆಗಲಿಲ್ಲ. ಆ ಸಮಯವನ್ನು ಅವರು ಬ್ಯಾಟಿಂಗ್‌ಗೆ ಕೊಟ್ಟರು. ಜಗತ್ತು ಇವತ್ತು ಬೆರಗಾಗಿ ನೋಡುವ ಆ ಬ್ಯಾಟಿಂಗ್ ಪಳಗಿದ್ದರಲ್ಲಿ, ಚೆಂಡು ಎಸೆಯದೆ ಕಳೆದ ಆ ತಿಂಗಳುಗಳ ಪಾಲು ದೊಡ್ಡದು. ಮುಂದಿನ ವಸಂತದಲ್ಲಿ ಕೊಶಿಯೆನ್‌ನಲ್ಲಿ ಒಸಾಕಾ ತೊಯಿನ್ ತಂಡದ ಹೆಸರಾಂತ ಪಿಚರ್ ಶಿಂತಾರೊ ಫುಜಿನಾಮಿಗೆ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಹಾಗೆ) ಹೊಡೆದರು. ಪಂದ್ಯ ಮಾತ್ರ ಸೋತರು. 160 ಕಿಲೋಮೀಟರ್ ಎಸೆತ ಬಂದಿದ್ದು ಕೊನೆಯ ವರ್ಷ, 2012ರ ಜುಲೈನಲ್ಲಿ, ಇವಾಟೆ ಟೂರ್ನಿಯ ಸೆಮಿಫೈನಲ್‌ನಲ್ಲಿ. ಆಗ ಅವರಿಗೆ 18 ತುಂಬಿತ್ತು. 12 ಅಲ್ಲ. ಫೈನಲ್‌ನಲ್ಲಿ ಸೋತು, ಆ ಬೇಸಿಗೆ ಕೊಶಿಯೆನ್‌ಗೇ ಹೋಗಲಾಗಲಿಲ್ಲ.

ಹಾಗಾಗಿ ನಿಮ್ಮ ಕೋಚ್‌ಗೆ ನೀವು ಧೈರ್ಯವಾಗಿ ಹೇಳಬಹುದು: ಒಟಾನಿ 160 ಎಸೆದಿದ್ದು ನಿಜ, ಆದರೆ ಹೈಸ್ಕೂಲಿನ ಶುರುವಿನಲ್ಲಿ ಅವರ ಕೋಚ್ ಪಿಚಿಂಗನ್ನು ತಡೆದಿದ್ದೂ ಅಷ್ಟೇ ನಿಜ, ಬ್ಯಾಟಿಂಗ್ ಬಿಡದೆ ಇದ್ದಿದ್ದೂ ನಿಜ.

ಆ ಗುರಿಪಟ್ಟಿಯ ಬಗ್ಗೆಯೂ ಎರಡು ಮಾತು. ಒಟಾನಿ ಅದನ್ನು ಬರೆದಿದ್ದು ಹೈಸ್ಕೂಲಿನ ಮೊದಲ ವರ್ಷ. ನಡುವಿನ ಚೌಕದಲ್ಲಿ ಇದ್ದದ್ದು ಎಂಟು ವೃತ್ತಿಪರ ತಂಡಗಳು ತನ್ನನ್ನು ಮೊದಲ ಆಯ್ಕೆಯಾಗಿ ಕೇಳಬೇಕು ಎಂಬ ಗುರಿ. ಅದರ ಸುತ್ತ ಎಂಟು ವಿಷಯ. 160 ಕಿಲೋಮೀಟರ್ ವೇಗ ಆ ಎಂಟರಲ್ಲಿ ಒಂದೇ ಒಂದು. ಉಳಿದವುಗಳಲ್ಲಿ ಶರೀರ ಕಟ್ಟುವುದು, ಹಿಡಿತ, ಮನಸ್ಸು, ನಡತೆ, ಅದೃಷ್ಟ ಎಲ್ಲ ಇದ್ದವು. ಶರೀರದ ಕೆಳಗೆ 'ಮೈಯ ಆರೈಕೆ' ಅಂತ ಒಂದು ಚೌಕ. ಊಟದ ಚೌಕದಲ್ಲಿ ರಾತ್ರಿ ಏಳು ಬಟ್ಟಲು, ಬೆಳಿಗ್ಗೆ ಮೂರು ಬಟ್ಟಲು ಅನ್ನ ಅಂತ ಬರೆದಿದ್ದರು. ಮೈ ತುಂಬಿಕೊಳ್ಳದೆ ವೇಗ ಬರಲ್ಲ ಅನ್ನುವುದು ಆ ವಯಸ್ಸಿಗೇ ಗೊತ್ತಿತ್ತು. ಅದೃಷ್ಟದ ಕೆಳಗೆ ಕಸ ಹೆಕ್ಕುವುದು, ಎದುರಾದವರಿಗೆ ನಮಸ್ಕಾರ ಹೇಳುವುದು, ಅಂಪೈರ್ ಜೊತೆ ನಡೆದುಕೊಳ್ಳುವ ರೀತಿ, ಪುಸ್ತಕ ಓದುವುದು ಇದ್ದವು. ನಿಮ್ಮ ಮಗನ ಪಟ್ಟಿಯಲ್ಲಿ ಬರೀ ವೇಗ ಇದೆ ಅಂದಿರಿ. ಅದನ್ನು ತೆಗೆಸಬೇಡಿ. ಅವನ ಪಕ್ಕ ಕೂತು ಒಟಾನಿಯ ಪೂರ್ತಿ ಪಟ್ಟಿ ತೋರಿಸಿ. 'ಮೈಯ ಆರೈಕೆ' ಚೌಕವನ್ನು ಅವನೇ ಸೇರಿಸಿಕೊಳ್ಳಲಿ. ನೀವು ನೂರು ಸಲ ಹೇಳುವುದಕ್ಕಿಂತ ಅವನ ಹೀರೋ ಒಂದು ಸಲ ಬರೆದಿದ್ದು ಜಾಸ್ತಿ ತಾಗುತ್ತದೆ.

ಇನ್ನು 'ಒಂದನ್ನೇ ಹಿಡಿ' ಅನ್ನುವ ಮಾತು. ಇದನ್ನು ಒಟಾನಿಯೂ ಕೇಳಿದ್ದರು. 2012ರ ಅಕ್ಟೋಬರ್‌ನಲ್ಲಿ ಅವರು ನೇರವಾಗಿ ಅಮೆರಿಕಕ್ಕೇ ಹೋಗುತ್ತೇನೆ ಅಂತ ಹೇಳಿಬಿಟ್ಟಿದ್ದರು. ಅಲ್ಲಿನ ತಂಡಗಳು ಅವರಲ್ಲಿ ಮುಖ್ಯವಾಗಿ ಒಬ್ಬ ಪಿಚರ್‌ನನ್ನೇ ಕಾಣುತ್ತಿದ್ದವು. ಆದರೂ ಜಪಾನಿನ ಹೊಕ್ಕೈದೊ ನಿಪ್ಪಾನ್ ಹ್ಯಾಮ್ ಫೈಟರ್ಸ್ ತಂಡ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಚಿಕ್ಕ ವಯಸ್ಸಿಗೆ ಹೊರದೇಶಕ್ಕೆ ಹೋದ ಜಪಾನಿ ಆಟಗಾರರಿಗೆ ಏನಾಯಿತು ಅಂತ ಒಂದು ವರದಿ ಸಿದ್ಧ ಮಾಡಿ ಅವರ ಮುಂದೆ ಇಟ್ಟಿತು. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡಿಸುತ್ತೇವೆ ಅಂತ ಮಾತು ಕೊಟ್ಟಿತು. ಒಟಾನಿ ಮನಸ್ಸು ಬದಲಾಯಿಸಿದರು.

ಆ ಮಾತನ್ನು ಮ್ಯಾನೇಜರ್ ಹಿದೆಕಿ ಕುರಿಯಾಮಾ ನಡೆಸಿಕೊಟ್ಟ ರೀತಿಯನ್ನು ಅಂಕಿಗಳಲ್ಲೇ ನೋಡಬಹುದು. 2013ರ ಮೊದಲ ಸೀಸನ್‌ನಲ್ಲಿ ಒಟಾನಿ ಬರೀ ಸುಮಾರು 62 ಇನ್ನಿಂಗ್ಸ್ ಪಿಚ್ ಮಾಡಿದರು. ಬ್ಯಾಟಿಂಗ್ ಸರಾಸರಿ .238, ಹೋಮ್ ರನ್ 3. ಸಾಧಾರಣ ಲೆಕ್ಕ. ಜಪಾನಿನ ಹಿರಿಯ ಆಟಗಾರರಲ್ಲಿ ಹಲವರು ಇದು ಆಗದ ಕೆಲಸ ಅಂದರು. ಮರುವರ್ಷ ಸುಮಾರು 155 ಇನ್ನಿಂಗ್ಸ್, 11 ಗೆಲುವು, 10 ಹೋಮ್ ರನ್. ಒಂದೇ ಸೀಸನ್‌ನಲ್ಲಿ ಹತ್ತು ಗೆಲುವು, ಹತ್ತು ಹೋಮ್ ರನ್ ಎರಡೂ ಅಲ್ಲಿ ಅದೇ ಮೊದಲು. 2015ರಲ್ಲಿ ಪಿಚಿಂಗ್ ಇನ್ನೂ ಏರಿತು, 15 ಗೆಲುವು. ಬ್ಯಾಟಿಂಗ್ .202ಕ್ಕೆ ಬಿತ್ತು. ಆಗ ಬ್ಯಾಟ್ ಕಿತ್ತುಕೊಳ್ಳುವುದು ತುಂಬ ಸುಲಭವಿತ್ತು. ಕಿತ್ತುಕೊಳ್ಳಲಿಲ್ಲ. 2016ರಲ್ಲಿ .322 ಸರಾಸರಿ, 22 ಹೋಮ್ ರನ್, ಪಿಚರ್ ಆಗಿ 1.86 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೇದು). ಆ ಜುಲೈ 3ರಂದು ಅವರೇ ಪಿಚರ್, ಅವರೇ ಮೊದಲ ಬ್ಯಾಟರ್. ಎದುರಾದ ಮೊದಲ ಚೆಂಡನ್ನೇ ಹೋಮ್ ರನ್ ಹೊಡೆದು, ಆಮೇಲೆ ಎಂಟು ಇನ್ನಿಂಗ್ಸ್ ರನ್ ಕೊಡದೆ ಎಸೆದರು. ಅಕ್ಟೋಬರ್‌ನಲ್ಲಿ 165 ಕಿಲೋಮೀಟರ್ ವೇಗ ಮುಟ್ಟಿದರು. ತಂಡ ಅಲ್ಲಿನ ಚಾಂಪಿಯನ್ ಪಟ್ಟದ ಜಪಾನ್ ಸೀರೀಸ್ ಗೆದ್ದಿತು.

ಇಲ್ಲಿ ಒಂದು ವಿಷಯ ತಪ್ಪಿಸಿಕೊಳ್ಳಬಾರದು. ಎರಡೂ ಮಾಡುವುದು ಅಂದರೆ ಎರಡನ್ನೂ ದಿನಾ ಮಾಡುವುದಲ್ಲ. ಜಪಾನಿನಲ್ಲಿ ಪಿಚರ್‌ಗೆ ಸಾಮಾನ್ಯವಾಗಿ ವಾರಕ್ಕೊಂದು ಪಂದ್ಯ. ಒಟಾನಿಗೆ ಹೆಚ್ಚಿನ ವಾರಗಳಲ್ಲಿ ಪಿಚಿಂಗ್‌ನ ಹಿಂದಿನ ದಿನ, ಮರುದಿನ ಬ್ಯಾಟಿಂಗ್ ಇರುತ್ತಿರಲಿಲ್ಲ. ಬ್ಯಾಟಿಂಗ್ ಮಾಡುವ ದಿನವೂ ಬಹುತೇಕ ಡೆಸಿಗ್ನೇಟೆಡ್ ಹಿಟ್ಟರ್ ಆಗಿ, ಅಂದರೆ ಫೀಲ್ಡಿಂಗ್ ಇಲ್ಲದೆ, ಕೈಗೆ ಬಿಡುವು ಕೊಟ್ಟು. ನಿಮ್ಮ ಮಗ ಶನಿವಾರ ಲಿಟಲ್ ಲೀಗ್‌ನಲ್ಲಿ ಪಿಚ್ ಮಾಡಿ, ಭಾನುವಾರ ಟ್ರಾವೆಲ್ ತಂಡಕ್ಕೆ ಶಾರ್ಟ್‌ಸ್ಟಾಪ್ ಜಾಗದಿಂದ (ಎರಡನೇ, ಮೂರನೇ ಬೇಸ್‌ಗಳ ನಡುವೆ) ಮೊದಲ ಬೇಸ್‌ಗೆ ಬಾಣದ ಹಾಗೆ ಎಸೆಯುತ್ತಿದ್ದರೆ, ಅವನ ಕೈಗೆ ಒಟಾನಿಯ ಕೈಗೆ ಸಿಕ್ಕ ರಜೆಯೂ ಸಿಗುತ್ತಿಲ್ಲ.

ಇಷ್ಟು ಜೋಪಾನ ಮಾಡಿದ ಆ ಕೈಗೂ ಕೊನೆಗೆ ಏನಾಯಿತು ಅಂತ ಹೇಳದಿದ್ದರೆ ನಾನೂ ಅರ್ಧ ಕತೆ ಹೇಳಿದ ಹಾಗಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಅವರು ಲಾಸ್ ಏಂಜಲೀಸ್ ಏಂಜಲ್ಸ್ ಸೇರಿದಾಗಲೇ ಮೊಣಕೈಯ ಒಳಗಿನ ಲಿಗಮೆಂಟ್‌ನಲ್ಲಿ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಸಣ್ಣ ಹಾನಿ ಇತ್ತು. ಅದಕ್ಕೆ ಅಕ್ಟೋಬರ್‌ನಲ್ಲೇ ಇಂಜೆಕ್ಷನ್ ಕೊಟ್ಟಿದ್ದರು. 2018ರ ಏಪ್ರಿಲ್‌ನಲ್ಲಿ ಅಮೆರಿಕ ಬೆರಗಾಯಿತು. ಮೊದಲ ಗೆಲುವು, ಅದಾಗಿ ಎರಡೇ ದಿನಕ್ಕೆ ಮೊದಲ ಹೋಮ್ ರನ್, 8ನೇ ತಾರೀಖು ಓಕ್ಲೆಂಡ್ ವಿರುದ್ಧ ಏಳು ಇನ್ನಿಂಗ್ಸ್‌ನಲ್ಲಿ 12 ಸ್ಟ್ರೈಕ್‌ಔಟ್. ಜೂನ್ ಹೊತ್ತಿಗೆ ಲಿಗಮೆಂಟ್ ಹಾನಿ ಎರಡನೇ ದರ್ಜೆಗೆ ಏರಿತ್ತು. ಸೆಪ್ಟೆಂಬರ್ 2ರಂದು ಮತ್ತೆ ಪಿಚ್ ಮಾಡಿದಾಗ ಪಂದ್ಯದ ನಡುವೆಯೇ ವೇಗ ಇಳಿಯಿತು. 5ನೇ ತಾರೀಖು ಟಾಮಿ ಜಾನ್ ಸರ್ಜರಿ ಬೇಕು ಅನ್ನುವ ಸಲಹೆ ಬಂತು. ಅದೇ ರಾತ್ರಿ ಟೆಕ್ಸಸ್‌ನಲ್ಲಿ ಎರಡು ಹೋಮ್ ರನ್ ಹೊಡೆದರು! ಅಕ್ಟೋಬರ್ 1ರಂದು ಸರ್ಜರಿ ಆಯಿತು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಈಗ 'ಆಪರೇಷನ್ ಆದರೆ ಕೈ ಗಟ್ಟಿ' ಅನ್ನುವ ಮಾತಿಗೆ ಬರೋಣ. ಈ ಸರ್ಜರಿಯನ್ನು ಮೊದಲು ಮಾಡಿದ್ದು 1974ರಲ್ಲಿ ಡಾ. ಫ್ರಾಂಕ್ ಜೋಬ್, ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರಿಗೆ. ಹರಿದ ಲಿಗಮೆಂಟ್ ಜಾಗಕ್ಕೆ ಮೈಯ ಬೇರೆ ಕಡೆಯ ಒಂದು ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ತೂತು ಕೊರೆದು ಕಟ್ಟುತ್ತಾರೆ. ಟಾಮಿ ಜಾನ್ ಮರಳಿ ಬಂದು ಇನ್ನೂ 164 ಪಂದ್ಯ ಗೆದ್ದರು. ಈ ನಂಬಿಕೆಯ ಬೇರು ಅಲ್ಲಿದೆ. ಆದರೆ ಸರ್ಜರಿ ಹರಿದಿದ್ದನ್ನು ಕಟ್ಟುತ್ತದೆ, ಅಷ್ಟೇ. ವೇಗ ಸೇರಿಸುವುದಿಲ್ಲ. ಆಮೇಲೆ ಯಾರಾದರೂ ಇನ್ನೂ ಜೋರಾಗಿ ಎಸೆದರೆ, ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಲು, ಸೊಂಟ, ಭುಜಗಳಿಗೆ ಮಾಡಿದ ವ್ಯಾಯಾಮದ ಫಲ, ಬೆಳೆಯುವ ವಯಸ್ಸಾದರೆ ಬೆಳವಣಿಗೆಯ ಫಲ. ಆ ವ್ಯಾಯಾಮಕ್ಕೆ ಸರ್ಜರಿ ಬೇಕಾಗಿಲ್ಲ. ಮರಳಿ ಬರಲಾಗದ ಹುಡುಗರನ್ನೂ ನಾನು ನೋಡಿದ್ದೇನೆ. ಅವರ ಕತೆ ಯಾರೂ ಹೇಳುವುದಿಲ್ಲ, ಅಲ್ವಾ?

ಒಟಾನಿಯದನ್ನೇ ನೋಡಿ. 2019 ಪೂರ್ತಿ ಪಿಚಿಂಗ್ ಇಲ್ಲ. 2020ರ ಜುಲೈ 26ರಂದು ಮರಳಿ ಎಸೆದಾಗ ಒಬ್ಬನನ್ನೂ ಔಟ್ ಮಾಡಲಾಗಲಿಲ್ಲ. ಆ ವರ್ಷ ಒಟ್ಟು ಎಸೆದಿದ್ದು ಎರಡು ಇನ್ನಿಂಗ್ಸ್‌ಗೂ ಕಮ್ಮಿ, ಮುಂಗೈ ಸ್ನಾಯುವಿಗೆ ಮತ್ತೆ ಪೆಟ್ಟು, ಬ್ಯಾಟಿಂಗ್ .190. ಎಲ್ಲರೂ ಕೊಂಡಾಡುವ 2021ರ 46 ಹೋಮ್ ರನ್ ಮತ್ತು ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಪ್ರಶಸ್ತಿ ಬಂದಿದ್ದು ಅದಾದ ಮೇಲೆ. 2023ರ ಸೆಪ್ಟೆಂಬರ್‌ನಲ್ಲಿ ಅದೇ ಮೊಣಕೈಗೆ ಎರಡನೇ ಸಲ ಸರ್ಜರಿ. ಮತ್ತೆ ಪಿಚಿಂಗ್ ದಿಬ್ಬ ಹತ್ತಿದ್ದು 2025ರ ಜೂನ್‌ನಲ್ಲಿ. ಜಗತ್ತಿನ ಅತ್ಯುತ್ತಮ ಡಾಕ್ಟರುಗಳು, ಬೇಕಾದಷ್ಟು ಹಣ, ಬ್ಯಾಟಿಂಗ್ ಎಂಬ ಎರಡನೇ ವಿದ್ಯೆ ಎಲ್ಲ ಇದ್ದವರಿಗೆ ಇಷ್ಟು ಕಾಲ ಬೇಕಾಯಿತು. ಅಂದಹಾಗೆ, ಅಮೆರಿಕದ ವಿಮಾ ದಾಖಲೆಗಳ ಮೇಲೆ ನಡೆದ ಒಂದು ಅಧ್ಯಯನದ ಪ್ರಕಾರ 2007ರಿಂದ 2011ರವರೆಗೆ ಈ ಸರ್ಜರಿ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 15ರಿಂದ 19ರ ವಯಸ್ಸಿನವರು. ಹಾಗಾಗಿ ಇದು ಬರೀ ದೊಡ್ಡ ಆಟಗಾರರ ತೊಂದರೆ ಅಲ್ಲ.

ನಿಮ್ಮ ಮಗನಿಗೆ ಆಗುತ್ತಿರುವುದು ಬಹುಶಃ ಲಿಗಮೆಂಟ್ ಹರಿತ ಅಲ್ಲ. ಅವನ ವಯಸ್ಸಿನಲ್ಲಿ ಲಿಗಮೆಂಟ್‌ಗಿಂತ ಮೊದಲು ಸೋಲುವುದು ಮೂಳೆ. ಮೊಣಕೈಯ ಒಳಭಾಗದಲ್ಲಿ ಕೈಗೆ ಸಿಗುವ ಗಂಟಿನಂಥ ಮೂಳೆ ಇದೆಯಲ್ಲ, ಅದು ಹುಡುಗರಲ್ಲಿ ಸಾಮಾನ್ಯವಾಗಿ 15–17ರವರೆಗೆ ಪೂರ್ತಿ ಕೂಡಿಕೊಂಡಿರುವುದಿಲ್ಲ. ನಡುವೆ ಬೆಳವಣಿಗೆಯ ಒಂದು ಮೆತ್ತನೆ ಪದರ ಇರುತ್ತದೆ. ಲಿಗಮೆಂಟ್, ಮುಂಗೈಯ ಸ್ನಾಯುಗಳು ಎರಡೂ ಆ ಗಂಟಿಗೇ ಅಂಟಿಕೊಂಡಿವೆ. ಪ್ರತಿ ಎಸೆತವೂ ಅದನ್ನು ಹೊರಗೆ ಎಳೆಯುತ್ತದೆ. ಎಳೆದು ಎಳೆದು ಪದರ ಊದಿಕೊಂಡು ಅಗಲವಾಗುತ್ತದೆ. ಇದನ್ನೇ ಲಿಟಲ್ ಲೀಗ್ ಎಲ್ಬೋ ಅನ್ನುತ್ತಾರೆ. ಇದು ಅದೇ ಹೌದೋ ಅಲ್ಲವೋ ಅಂತ ಪತ್ರ ಓದಿ ಹೇಳಲಾಗದು. ಪರೀಕ್ಷೆ, ಎಕ್ಸ್‌ರೇ ಬೇಕು. ಸಾಮಾನ್ಯವಾಗಿ ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆದು ಹೋಲಿಸುತ್ತಾರೆ. ಬೇಗ ಹಿಡಿದರೆ ವಿಶ್ರಾಂತಿಯಿಂದಲೇ ಚೆನ್ನಾಗಿ ವಾಸಿಯಾಗುವ ತೊಂದರೆ ಇದು. ಬಿಟ್ಟರೆ ಒಂದು ದಿನ ಒಂದೇ ಎಸೆತದಲ್ಲಿ ಆ ಗಂಟು ಕಿತ್ತು ಬರಬಹುದು. ಆಗ ಕೆಲವರಿಗೆ ಸ್ಕ್ರೂ ಹಾಕಿ ಕೂರಿಸಬೇಕಾಗುತ್ತದೆ.

ಯಾಕೆ ಮಾತ್ರೆ ಕೊಟ್ಟು ಆಡಿಸಬಾರದು ಅನ್ನುವುದೂ ಇದರಲ್ಲೇ ಇದೆ. ನೋವು ಒಂದೇ ಆ ಮೂಳೆಗೆ ಇರುವ ಕಾವಲು. ಅದನ್ನು ಮಲಗಿಸಿದರೆ ಹುಡುಗ ಪೂರ್ತಿ ಜೋರಲ್ಲಿ ಎಸೆಯುತ್ತಾನೆ. ಐಸ್ ಇಡುವುದರಿಂದ ನಷ್ಟ ಇಲ್ಲ, ಆದರೆ ಅದು ಪದರವನ್ನು ಕೂಡಿಸುವುದಿಲ್ಲ.

ನಿಮ್ಮ ಮನೆಯವರ ಮಾತಿಗೂ ಉತ್ತರ ಕೊಡಬೇಕು. ಅವರು ಹೇಳಿದ್ದು ಅವರ ಮಟ್ಟಿಗೆ ಸತ್ಯ. ಆದರೆ ಕ್ರಿಕೆಟ್ ಬೌಲಿಂಗ್‌ನಲ್ಲಿ ಮೊಣಕೈ ಹೆಚ್ಚುಕಮ್ಮಿ ನೇರ ಇರಬೇಕು, 15 ಡಿಗ್ರಿಗಿಂತ ಜಾಸ್ತಿ ಬಿಚ್ಚಿಕೊಂಡರೆ ನೋಬಾಲ್. ಓಡಿ ಬಂದು ಮುಂಗಾಲು ಕುಟ್ಟಿ ನಿಂತಾಗ ಬರುವ ಭಾರ ಹೆಚ್ಚಾಗಿ ಕೆಳಬೆನ್ನಿಗೆ ಬೀಳುತ್ತದೆ. ಅದಕ್ಕೇ ಎಳೆಯ ಫಾಸ್ಟ್ ಬೌಲರ್‌ಗಳಲ್ಲಿ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್ ಅಷ್ಟು ಸಾಮಾನ್ಯ. ಭುಜವೂ ಉಳಿಯಲ್ಲ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಸರ್ಜರಿಗೆ ಒಳಗಾದದ್ದು ಅವರಿಗೂ ನೆನಪಿರಬಹುದು. ಬೇಸ್‌ಬಾಲ್ ಪಿಚರ್ ಓಡಿ ಬರುವುದಿಲ್ಲ. ಮಡಚಿದ ಮೊಣಕೈಯನ್ನು ಹಿಂದಕ್ಕೆ ತಿರುಚಿ, ಚಾಟಿ ಬೀಸಿದ ಹಾಗೆ ಮುಂದಕ್ಕೆ ಬಿಡುತ್ತಾನೆ. ದೊಡ್ಡ ಪಿಚರ್‌ಗಳಲ್ಲಿ ಭುಜ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿಯಷ್ಟು ಇರುತ್ತದೆ ಅಂತ ಅಳೆದಿದ್ದಾರೆ. ಆ ತಿರುಚುವಿಕೆಯನ್ನು ತಡೆದು ನಿಲ್ಲಿಸುವುದು ಮೊಣಕೈಯ ಒಳಭಾಗ. ಹಾಗಾಗಿ ಅವರ ಬೌಲಿಂಗ್ ಅನುಭವದಿಂದ ಮಗನ ಮೊಣಕೈಯನ್ನು ಅಳೆಯಲು ಆಗುವುದಿಲ್ಲ.

ಹಾಗಾದರೆ ನಿಜವಾದ ಕಾರಣ ಏನು? ಗಾಳಿಯಲ್ಲಿ ಬಾಗುವ ಕರ್ವ್‌ಬಾಲ್ ಎಸೆದರೆ ಕೈ ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಎಲ್ಲ ಕಡೆ ಎದ್ದು ಕಾಣುವುದು ಎಸೆತದ ಪ್ರಮಾಣ ಮತ್ತು ದಣಿವು. 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕೈ ದಣಿದ ಮೇಲೂ ಎಸೆಯುವ ಅಭ್ಯಾಸ ಇದ್ದ ಹದಿಹರೆಯದ ಪಿಚರ್‌ಗಳು ಸರ್ಜರಿ ಮೇಜಿಗೆ ಹೋಗುವ ಸಾಧ್ಯತೆ 36 ಪಟ್ಟು ಹೆಚ್ಚಿತ್ತು. ವರ್ಷಕ್ಕೆ ಎಂಟು ತಿಂಗಳಿಗಿಂತ ಜಾಸ್ತಿ ಆಡುವವರಿಗೆ ಸುಮಾರು 5 ಪಟ್ಟು. ಇದಕ್ಕೆ ಕಾರಣವೂ ಸರಳ. ಮುಂಗೈ, ಭುಜದ ಸ್ನಾಯುಗಳು ಚುರುಕಾಗಿ ಇರುವಾಗ ಅರ್ಧ ಭಾರ ಅವು ಹೊರುತ್ತವೆ. ಅವು ದಣಿದ ಮೇಲೆ ಭಾರ ಎಲ್ಲ ಲಿಗಮೆಂಟ್ ಮತ್ತು ಮೂಳೆಯ ಮೇಲೆ. ನೀವಿರುವ ಬೆಚ್ಚನೆ ಊರಿನಲ್ಲಿ ಹನ್ನೆರಡೂ ತಿಂಗಳು ಆಡಬಹುದು ಅನ್ನುವುದು ಹುಡುಗರಿಗೆ ಸಂತೋಷ, ಕೈಗೆ ಶಿಕ್ಷೆ. ಇವಾಟೆಯಲ್ಲಿ ಚಳಿಗಾಲ ಪೂರ್ತಿ ಹಿಮ.

ಈಗ ನಿಮ್ಮ ಮುಂದಿರುವ ದಾರಿಗಳು. ಹೀಗೇ ಎರಡು ತಂಡಗಳಲ್ಲಿ ಮುಂದುವರಿಸುವುದು ಒಂದು. ಅದರ ಅಪಾಯ ಹೇಳಿದ್ದೇನೆ. ಅದನ್ನು ನಾನು ದಾರಿ ಅಂತಲೇ ಲೆಕ್ಕ ಹಾಕುವುದಿಲ್ಲ. ಪಿಚಿಂಗ್ ನಿಲ್ಲಿಸಿ ಬೇರೆ ಜಾಗದಲ್ಲಿ ಆಡಿಸುವುದು ಇನ್ನೊಂದು. ಇದು ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಪಂದ್ಯವೊಂದರಲ್ಲಿ ಪಿಚರ್‌ನಷ್ಟೇ ಸಲ ಚೆಂಡು ಎಸೆಯುತ್ತಾನೆ, ಶಾರ್ಟ್‌ಸ್ಟಾಪ್‌ನದು ಉದ್ದದ ಎಸೆತ. ನೋವು ಇರುವಾಗ ಇವೆರಡೂ ಬೇಡ. ಬೇಸ್‌ಬಾಲ್ ಪೂರ್ತಿ ಬಿಡಿಸುವುದು ಮೂರನೆಯದು. ಅದಕ್ಕೆ ಈಗ ಯಾವ ಕಾರಣವೂ ಇಲ್ಲ. ಆಟ ಬಿಡಬೇಕಾಗುತ್ತೆ ಅಂತ ಹೆದರಿ ನೋವು ಮುಚ್ಚಿಡುವ ಮಕ್ಕಳೇ ನನ್ನ ಬಳಿ ತಡವಾಗಿ ಬರುವುದು. ನಿಮ್ಮ ಮಗ ಬಾಯಿಬಿಟ್ಟು ಹೇಳಿದ್ದಾನೆ. ಅದಕ್ಕೆ ಅವನಿಗೆ ಶಿಕ್ಷೆ ಆಗಬಾರದು.

ನಾನು ಹೇಳುವುದು ಇದು. ಎಕ್ಸ್‌ರೇಯಲ್ಲಿ ಬೆಳವಣಿಗೆಯ ಪದರದ ತೊಂದರೆ ಅಂತ ಕಂಡರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆತಕ್ಕೆ ಪೂರ್ತಿ ರಜೆ, ಕೆಲವರಿಗೆ ಇನ್ನೂ ಹೆಚ್ಚು. ಆಮೇಲೂ ನೇರವಾಗಿ ಪಿಚಿಂಗ್ ಅಲ್ಲ. ಹತ್ತಿರದ ದೂರಕ್ಕೆ ಮೆತ್ತಗೆ ಎಸೆಯುವುದರಿಂದ ಶುರು ಮಾಡಿ, ದಿನ ಬಿಟ್ಟು ದಿನ, ದೂರ ಮತ್ತು ಜೋರು ಎರಡನ್ನೂ ನಿಧಾನವಾಗಿ ಏರಿಸುತ್ತಾ ಇನ್ನಷ್ಟು ವಾರಗಳು. ಬ್ಯಾಟ್ ಬೀಸುವಾಗ ನೋವಿಲ್ಲ, ಡಾಕ್ಟರೂ ಒಪ್ಪಿದರು ಅಂದರೆ ಆ ಸಮಯದಲ್ಲಿ ಬ್ಯಾಟಿಂಗ್ ಮಾಡಲಿ. 2011ರಲ್ಲಿ ಒಟಾನಿ ಏನು ಮಾಡಿದರು ಅಂತ ಮಗನಿಗೆ ಹೇಳಿ. ಜೊತೆಗೆ ಕಾಲು, ಸೊಂಟ, ಹೊಟ್ಟೆ, ಭುಜದ ಹಿಂಭಾಗದ ಸ್ನಾಯುಗಳಿಗೆ ವ್ಯಾಯಾಮ. ಎಸೆತದ ಜೋರು ಹುಟ್ಟುವುದು ಕಾಲಲ್ಲಿ, ಮೊಣಕೈಯಲ್ಲಲ್ಲ. ಅಪಾಯ ಏನು ಅಂದರೆ, ಮೂರನೇ ವಾರಕ್ಕೆ ನೋವು ಪೂರ್ತಿ ಹೋಗಿರುತ್ತದೆ. ಆಗ ಹುಡುಗನಿಗೂ ಕೋಚ್‌ಗೂ ಕೈ ತುರಿಸುತ್ತದೆ. ಮತ್ತೆ ಮರಳುವ ನೋವುಗಳಲ್ಲಿ ಹೆಚ್ಚಿನವು ಆ ಆತುರದಿಂದಲೇ.

ಮರಳಿದ ಮೇಲೆ ಒಂದು ಸಮಯಕ್ಕೆ ಒಂದೇ ತಂಡಕ್ಕೆ ಪಿಚಿಂಗ್. ಅಮೆರಿಕದಲ್ಲಿ ವೃತ್ತಿಪರ ಲೀಗ್ ಆದ ಎಂಎಲ್‌ಬಿ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ ಸೇರಿ 'ಪಿಚ್ ಸ್ಮಾರ್ಟ್' ಅಂತ ಮಾರ್ಗಸೂಚಿ ಮಾಡಿವೆ. 11–12ರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 85 ಎಸೆತ. 66 ಅಥವಾ ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ದಿನ ಬಿಡುವು, 51ರಿಂದ 65ಕ್ಕೆ ಮೂರು ದಿನ, 36ರಿಂದ 50ಕ್ಕೆ ಎರಡು, 21ರಿಂದ 35ಕ್ಕೆ ಒಂದು. ವರ್ಷಕ್ಕೆ ಒಟ್ಟು 80 ಇನ್ನಿಂಗ್ಸ್ ಮೀರಬಾರದು. ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೆ ರಜೆ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೇ. ಇಲ್ಲೊಂದು ತೂತಿದೆ. ಲಿಟಲ್ ಲೀಗ್ ತನ್ನ ಪಂದ್ಯದ ಎಸೆತ ಎಣಿಸುತ್ತದೆ, ಟ್ರಾವೆಲ್ ತಂಡ ತನ್ನದನ್ನು. ಎರಡನ್ನೂ ಕೂಡಿಸುವವರು ಯಾರೂ ಇಲ್ಲ. ಆ ಲೆಕ್ಕ ನೀವೇ ಇಡಬೇಕು. ಒಂದು ಸಣ್ಣ ಪುಸ್ತಕ ಸಾಕು, ಮಗನೇ ಬರೆದರೆ ಇನ್ನೂ ಒಳ್ಳೇದು.

ಭಾರದ ಚೆಂಡಿನ ತರಬೇತಿ ಈಗ ಖಂಡಿತ ಬೇಡ. ಅದರಿಂದ ವೇಗ ಏರುತ್ತದೆ ಅನ್ನುವುದು ಸುಳ್ಳಲ್ಲ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, 13ರಿಂದ 18ರ ಪಿಚರ್‌ಗಳು ಆರು ವಾರ ಮಾಡಿದಾಗ ವೇಗ ಸುಮಾರು ಶೇ 3ರಷ್ಟು ಏರಿತು. ಆದರೆ ಆ ಗುಂಪಿನಲ್ಲಿ ಶೇ 24 ಹುಡುಗರಿಗೆ ಕೈಗೆ ಪೆಟ್ಟಾಯಿತು. ಅವರು ನೋವಿಲ್ಲದೆ ಶುರು ಮಾಡಿದವರು, ನಿಮ್ಮ ಮಗನಿಗಿಂತ ದೊಡ್ಡವರು.

ಕೋಚ್ ಜೊತೆ ಜಗಳ ಬೇಕಾಗಿಲ್ಲ. "ಡಾಕ್ಟರು ಎಸೆತ ನಿಲ್ಲಿಸಿ ಅಂದಿದ್ದಾರೆ, ಬರೆದು ಕೊಟ್ಟಿದ್ದಾರೆ, ಬ್ಯಾಟಿಂಗ್‌ಗೆ ಬರುತ್ತಾನೆ" ಅಂತ ಹೇಳಿ ನೋಡಿ. ಒಳ್ಳೆಯ ಕೋಚ್ ಒಪ್ಪುತ್ತಾರೆ. ಜಾಗ ಕಳೆದುಕೊಳ್ಳುತ್ತಾನೆ ಅಂತ ಹೆದರಿಸಿದರೆ ತಂಡ ಬದಲಾಯಿಸುವುದನ್ನು ಯೋಚಿಸಿ. 12ರ ಟ್ರಾವೆಲ್ ತಂಡದಲ್ಲಿ ಹೋದ ಜಾಗ 13ಕ್ಕೆ ಇನ್ನೊಂದು ತಂಡದಲ್ಲಿ ಸಿಗುತ್ತದೆ.

ಡಾಕ್ಟರ ಅಪಾಯಿಂಟ್‌ಮೆಂಟ್‌ಗೆ ಮಕ್ಕಳ ಮೂಳೆ ತಜ್ಞರು ಅಥವಾ ಸ್ಪೋರ್ಟ್ಸ್ ಮೆಡಿಸಿನ್ ಗೊತ್ತಿರುವವರು ಸಿಕ್ಕರೆ ಒಳ್ಳೆಯದು. ಹೋಗುವಾಗ ಕಳೆದ ಎರಡು ತಿಂಗಳಲ್ಲಿ ಯಾವ ದಿನ ಎಷ್ಟು ಎಸೆದ, ಯಾವಾಗ ನೋವು ಬಂತು ಅಂತ ಗುರುತು ಹಾಕಿಕೊಂಡು ಹೋಗಿ. ಕೆಲವು ಲಕ್ಷಣ ಕಂಡರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ. ಎಸೆಯುವಾಗ ಮೊಣಕೈಯಲ್ಲಿ ಟಪ್ ಅಂದ ಹಾಗಾಗಿ ತಕ್ಷಣ ನೋವು ಬಂದರೆ, ಮೊಣಕೈ ಪೂರ್ತಿ ಚಾಚಲು ಆಗದಿದ್ದರೆ, ಊದಿಕೊಂಡರೆ, ಕಿರುಬೆರಳು ಉಂಗುರಬೆರಳು ಜೋಮು ಹಿಡಿದರೆ, ನಡುವೆ ಏನೋ ಸಿಕ್ಕಿಹಾಕಿಕೊಂಡ ಹಾಗೆ ಮೊಣಕೈ ನಿಂತುಬಿಟ್ಟರೆ, ಅದೇ ದಿನ ತೋರಿಸಿ. ನೋವು ಒಳಭಾಗ ಬಿಟ್ಟು ಹೊರಭಾಗಕ್ಕೆ ಬಂದಿದೆ ಅಂತ ಅವನು ಹೇಳಿದರೆ ಅದನ್ನೂ ಡಾಕ್ಟರಿಗೆ ಮರೆಯದೆ ಹೇಳಿ. ಅದು ಬೇರೆಯೇ ತೊಂದರೆ ಇರಬಹುದು, ಅದಕ್ಕೆ ಎಂಆರ್‌ಐ ಬೇಕಾಗಬಹುದು.